‘ಬೇಜಾರು’ ಅಂದರೆ ಯಾವ ಬೇಜಾರು? ಮುಖ್ಯ ಶಿಕ್ಷಕಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಕಾಸರಗೋಡಿನ ಕುಂಬಳೆ ಉಪಜಿಲ್ಲೆಯ ಅನುದಾನಿತ ಯು.ಪಿ. (ಅಪ್ಪರ್ ಪ್ರೈಮರಿ) ಶಾಲೆಯೊಂದರ ಮುಖ್ಯ ಶಿಕ್ಷಕಿ. ಒಂದರಿಂದ ಏಳರವರೆಗೆ 210 ಮಕ್ಕಳು, ನನ್ನನ್ನು ಬಿಟ್ಟು ಹತ್ತು ಮಂದಿ ಅಧ್ಯಾಪಕರು. ಮಾಧ್ಯಮ ಕನ್ನಡ, ಮಕ್ಕಳ ಮನೆಮಾತು ತುಳು, ಬ್ಯಾರಿ, ಹವ್ಯಕ, ಮರಾಠಿ, ಮಲಯಾಳ. ಆರನೇ ತರಗತಿಯಲ್ಲಿ ದಿನಾ ಜಗಳ. ಐದನೆಯ ಒಬ್ಬ ಹುಡುಗಿಗೆ ವಾರಕ್ಕೆ ಎರಡು ಸಲ ಹೊಟ್ಟೆನೋವು, ಡಾಕ್ಟರು ಏನೂ ಇಲ್ಲ ಅನ್ನುತ್ತಾರೆ. ನಮ್ಮಲ್ಲಿ ಕೌನ್ಸೆಲರ್ ಇಲ್ಲ. ಹತ್ತಿರದ ಹೈಸ್ಕೂಲಿನವರಿಗೆ ಮಲಯಾಳ ಮಾತ್ರ ಬರುತ್ತದೆ. ‘ಪಾಠ ಮುಗಿಸಲಿಕ್ಕೇ ಹೊತ್ತಿಲ್ಲ, ಇದೆಲ್ಲ ಎಲ್ಲಿ’ ಎಂದು ಅಧ್ಯಾಪಕರು ಕೇಳುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಟೈಮ್‌ಟೇಬಲ್‌ನಿಂದ ಶುರು ಮಾಡಿ ಟೀಚರ್. ಅಸೆಂಬ್ಲಿಯ ಭಾಷಣದಿಂದ ಬೇಡ, ತರಬೇತಿ ಶಿಬಿರದಿಂದಲೂ ಬೇಡ. ಶಾಲೆಯಲ್ಲಿ ಬೇರೆ ಯಾರ ಕೈಯಲ್ಲೂ ಇಲ್ಲದ ನಾಲ್ಕು ಸಂಗತಿ ನಿಮ್ಮ ಕೈಯಲ್ಲಿವೆ: ಪೀರಿಯಡ್ ಹಂಚುವುದು, ಇಂಟರ್‌ವಲ್ ಡ್ಯೂಟಿಯ ಪಟ್ಟಿ, ಸ್ಟಾಫ್ ಮೀಟಿಂಗಿನಲ್ಲಿ ಏನು ಚರ್ಚೆಗೆ ಬರಬೇಕು ಎನ್ನುವುದು, ಮತ್ತು ಬಾಗಿಲು ಅರ್ಧ ಮುಚ್ಚಿಕೊಂಡು ಮಾತಾಡಬಹುದಾದ ಒಂದು ಕೋಣೆಯ ಬೀಗದ ಕೈ. ಮಕ್ಕಳ ಮನಸ್ಸಿಗೆ ಸಂಬಂಧಿಸಿದ ಕೆಲಸ ಶಾಲೆಯಲ್ಲಿ ನಿಲ್ಲುವುದು, ಬೀಳುವುದು ಎರಡೂ ಇವುಗಳ ಮೇಲೆ. ನೀವು ಕೌನ್ಸೆಲರ್ ಆಗಬೇಕಾಗಿಲ್ಲ. ಆಗಲಿಕ್ಕೆ ಹೊರಟರೆ ಆ ಕೆಲಸವೂ ಕೆಡುತ್ತದೆ, ಮುಖ್ಯ ಶಿಕ್ಷಕಿಯ ಕೆಲಸವೂ ಕೆಡುತ್ತದೆ.

ಮೊದಲ ವಾರ ಒಂದೇ ಒಂದು ಕೆಲಸ. 210 ಮಕ್ಕಳ ಹೆಸರನ್ನು ತರಗತಿವಾರು ದೊಡ್ಡ ಚಾರ್ಟಿನಲ್ಲಿ ಬರೆಸಿ ಸ್ಟಾಫ್ ರೂಮಿನ ಗೋಡೆಗೆ ಹಾಕಿ. ಶಾಲೆ ಬಿಟ್ಟ ಮೇಲೆ, ಮಕ್ಕಳೆಲ್ಲ ಹೋದ ನಂತರ, ನಲವತ್ತು ನಿಮಿಷ ಸಾಕು. ಪ್ರತಿ ಅಧ್ಯಾಪಕರೂ ಮಗುವಿನ ಹೆಸರಿನ ಮುಂದೆ ಒಂದು ಚುಕ್ಕೆ ಇಡಬೇಕು, ಆದರೆ ಒಂದು ಷರತ್ತು: ಆ ಮಗುವಿನ ಬಗ್ಗೆ ಅಂಕಕ್ಕೂ ಶಿಸ್ತಿಗೂ ಸೇರದ ಒಂದು ಸಂಗತಿ ಗೊತ್ತಿದ್ದರೆ ಮಾತ್ರ. ಮನೆಯಲ್ಲಿ ಯಾರಿದ್ದಾರೆ, ಶಾಲೆ ಬಿಟ್ಟ ಮೇಲೆ ಏನು ಮಾಡುತ್ತಾನೆ, ಮನೆಮಾತು ಯಾವುದು, ಚೆಂಡೆ ಕಲಿಯುತ್ತಾನೋ ಕಬಡ್ಡಿ ಆಡುತ್ತಾನೋ, ಹೀಗೆ. ‘ಒಳ್ಳೆಯ ಹುಡುಗ’ ಎನ್ನುವುದಕ್ಕೆ ಚುಕ್ಕೆ ಇಲ್ಲ. ಕೆಲವು ಹೆಸರಿಗೆ ಏಳೆಂಟು ಚುಕ್ಕೆ ಬೀಳುತ್ತವೆ: ಜೋರು ಮಾತಿನವರು, ಚುರುಕಿನವರು, ಪಿ.ಟಿ.ಎ. ಸದಸ್ಯರ ಮಕ್ಕಳು. ಕೆಲವು ಹೆಸರಿಗೆ ಒಂದೂ ಇರುವುದಿಲ್ಲ. ಆ ಚುಕ್ಕೆ ಇಲ್ಲದ ಮಕ್ಕಳೇ ನಿಮ್ಮ ಮೊದಲ ಪಟ್ಟಿ. ಜಗಳ ಮಾಡುವ ಮಗು ಹೇಗೂ ನಿಮ್ಮ ಕಣ್ಣಿಗೆ ಬೀಳುತ್ತದೆ, ಕಾಣದೆ ಉಳಿಯುವುದು ಇವರು. ಚಾರ್ಟನ್ನು ಅವತ್ತೇ ಇಳಿಸಿ ಕಪಾಟಿನಲ್ಲಿ ಬೀಗ ಹಾಕಿಡಿ. ಯಾರೂ ಫೋಟೋ ತೆಗೆಯಬಾರದು, ‘ದಾಖಲೆಗೆ’ ಎಂದು ಕೂಡ.

ಆ ಪಟ್ಟಿಯ ಮಕ್ಕಳನ್ನು ಹಂಚಿಕೊಳ್ಳಿ, ಒಬ್ಬ ಅಧ್ಯಾಪಕರಿಗೆ ಒಂದು ಸಲಕ್ಕೆ ಒಂದೇ ಮಗು. ದಿನಕ್ಕೆ ಎರಡು ನಿಮಿಷದಂತೆ, ಹತ್ತು ಶಾಲಾ ದಿನ ಬಿಡದೆ, ಆ ಮಗುವಿನ ಹತ್ತಿರ ಪಾಠ ಮತ್ತು ನಡತೆ ಬಿಟ್ಟು ಬೇರೆ ಏನಾದರೂ ಮಾತು. ಬಾವಿಕಟ್ಟೆಯಲ್ಲಿ, ಊಟದ ಸಾಲಿನಲ್ಲಿ, ಎಲ್ಲಿಯಾದರೂ ಆದೀತು. ಇದು ಕೆಡುವುದು ಮೂರು ರೀತಿಯಲ್ಲಿ. ಮೂರನೇ ದಿನಕ್ಕೆ ಅಧ್ಯಾಪಕರು ಬುದ್ಧಿ ಹೇಳಲಿಕ್ಕೆ ತೊಡಗುತ್ತಾರೆ. ನಡುವೆ ಎರಡು ದಿನ ಬಿಟ್ಟುಹೋಗಿ ಮಗುವಿಗೆ ‘ಇದೂ ಇಷ್ಟೇ’ ಅನಿಸುತ್ತದೆ. ಅಥವಾ ಉತ್ಸಾಹದಲ್ಲಿ ಒಬ್ಬರೇ ನಾಲ್ಕು ಮಕ್ಕಳನ್ನು ತೆಗೆದುಕೊಂಡು ಒಂದನ್ನೂ ಮುಗಿಸುವುದಿಲ್ಲ. ಮೊದಲ ನಾಲ್ಕು ದಿನ ಮಗು ‘ಹ್ಞೂಂ’, ‘ಇಲ್ಲ’ ಬಿಟ್ಟು ಬೇರೇನೂ ಹೇಳದಿದ್ದರೆ ಅದು ಸೋಲಲ್ಲ ಎಂದು ಅಧ್ಯಾಪಕರಿಗೆ ಮೊದಲೇ ಹೇಳಿಡಿ. ‘ಹೊತ್ತಿಲ್ಲ’ ಎನ್ನುವವರಿಗೂ ಇದೇ ಉತ್ತರ: ಒಟ್ಟು ಸೇರಿದರೆ ಇಪ್ಪತ್ತು ನಿಮಿಷ, ಅರ್ಧ ಪೀರಿಯಡು.

ಈಗ ಭಾಷೆಯ ವಿಷಯ. ನಮ್ಮ ಗಡಿಯ ಶಾಲೆಗಳಲ್ಲಿ ಎಲ್ಲರೂ ದಾಟಿಹೋಗುವುದು ಇದನ್ನೇ. ಮಗು ಕನ್ನಡದಲ್ಲಿ ಪಾಠ ಒಪ್ಪಿಸುತ್ತದೆ, ಆದರೆ ಅಳುವುದು ಮನೆಮಾತಿನಲ್ಲಿ. ಶಾಲೆಯ ಕನ್ನಡದಲ್ಲಿ ಮಗುವಿಗೆ ಭಾವನೆಯ ಶಬ್ದ ಮೂರೋ ನಾಲ್ಕೋ ಇರುತ್ತವೆ: ಸಂತೋಷ, ದುಃಖ, ಕೋಪ, ಮತ್ತು ಎಲ್ಲದಕ್ಕೂ ಸಲ್ಲುವ ‘ಬೇಜಾರು’. ಈ ಬೇಜಾರು ಒಂದು ದೊಡ್ಡ ಚೀಲ. ಹೊತ್ತು ಹೋಗದ್ದೂ ಬೇಜಾರು, ಗೆಳತಿ ಮಾತು ಬಿಟ್ಟದ್ದೂ ಬೇಜಾರು, ಅಪ್ಪ ರಜೆ ಮುಗಿಸಿ ಗಲ್ಫಿಗೆ ಹೊರಟದ್ದೂ ಬೇಜಾರು, ಏನೂ ಬೇಡ, ಊಟವೂ ಬೇಡ ಅನಿಸುವುದೂ ಬೇಜಾರು. ಮೊದಲಿನದಕ್ಕೆ ಕೈಗೆ ಒಂದು ಕೆಲಸ ಕೊಟ್ಟರೆ ಸಾಕು, ಕೊನೆಯದಕ್ಕೆ ವೈದ್ಯರು ಬೇಕಾದೀತು. ಹಾಗಾಗಿ ಮಗು ‘ಬೇಜಾರು’ ಅಂದ ಕೂಡಲೇ ‘ಬೇಜಾರು ಮಾಡಬೇಡ’ ಅನ್ನದೆ ಚೀಲ ಬಿಚ್ಚಿಸಿ: ‘ಹೊತ್ತು ಹೋಗದ ಬೇಜಾರಾ? ಯಾರಾದರೂ ಏನಾದರೂ ಹೇಳಿದ ಬೇಜಾರಾ? ಏನೂ ಬೇಡ ಅನಿಸುವ ಬೇಜಾರಾ? ಎಷ್ಟು ದಿನದಿಂದ?’ ತುಳು ಮನೆಯ ಮಗುವಿಗೆ ‘ದಾದ ಆಂಡ್?’ ಎಂದೋ, ಹವ್ಯಕ ಮನೆಯ ಮಗುವಿಗೆ ‘ಎಂತಾತು?’ ಎಂದೋ ಕೇಳಿದರೆ ಬರುವ ಉತ್ತರವೇ ಬೇರೆ. ಹೆದರಿಕೆ ಇದೆಯಾ ಎಂದು ಕೇಳಿದರೆ ಇಲ್ಲ ಅನ್ನುವ ಹುಡುಗ ‘ಪೋಡಿಗೆ ಆಪುಂಡಾ?’ ಅಂದರೆ ತಲೆ ಅಲ್ಲಾಡಿಸಿಯಾನು. ನಿಮ್ಮ ಹತ್ತು ಮಂದಿಯಲ್ಲಿ ಯಾರಿಗೆ ಯಾವ ಮಾತು ಬರುತ್ತದೆ ಎಂದು ಒಂದು ಪಟ್ಟಿ ಮಾಡಿ. ಅಧ್ಯಾಪಕರಲ್ಲಿ ಬ್ಯಾರಿ ಬಲ್ಲವರು ಯಾರೂ ಇಲ್ಲದಿದ್ದರೆ ಅಡುಗೆಯವರಿಗೆ, ಪ್ಯೂನ್‌ಗೆ, ಶಾಲಾ ವಾಹನದ ಆಯಾಗೆ ಬರುತ್ತದೋ ನೋಡಿ. ಮಗು ನಂಬುವ ದೊಡ್ಡವರಲ್ಲಿ ಅವರೂ ಸೇರಿರುತ್ತಾರೆ. ಆದರೆ ಇನ್ನೊಂದು ಮಗುವನ್ನು ದುಭಾಷಿ ಮಾಡಬೇಡಿ. ಅಣ್ಣ, ಅಕ್ಕ, ಪಕ್ಕದ ಬೆಂಚಿನವ, ಯಾರನ್ನೂ ಬೇಡ. ಸುದ್ದಿ ಹರಡುತ್ತದೆ ಎನ್ನುವುದು ಒಂದು ಕಾರಣ. ತಂಗಿಯ ನೋವನ್ನು ತರ್ಜುಮೆ ಮಾಡುವ ಭಾರ ಹತ್ತು ವರ್ಷದ ಅಣ್ಣನ ಮೇಲೆ ಬೀಳುತ್ತದೆ ಎನ್ನುವುದು ಇನ್ನೊಂದು.

ಹೈಸ್ಕೂಲಿನ ಕೌನ್ಸೆಲರಿಗೆ ಮಲಯಾಳ ಮಾತ್ರ ಬರುತ್ತದೆ ಎಂದು ಅವರನ್ನು ಬಿಡಬೇಡಿ, ಜೊತೆಗೆ ಒಬ್ಬ ದೊಡ್ಡ ದುಭಾಷಿ ಕೊಡಿ. ಕೆಲವು ಶಬ್ದಗಳ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ಮಲಯಾಳದಲ್ಲಿ ‘ದೇಷ್ಯಂ’ ಅಂದರೆ ಬರೀ ಕೋಪ. ಕನ್ನಡದವರ ಕಿವಿಗೆ ಅದು ‘ದ್ವೇಷ’ ಆಗಿ ಬೀಳುತ್ತದೆ. ‘ಹುಡುಗನಿಗೆ ಅಪ್ಪನ ಮೇಲೆ ದೇಷ್ಯಂ’ ಎಂಬ ಮಾತು ಸ್ಟಾಫ್ ರೂಮಿಗೆ ಬರುವಾಗ ‘ಅಪ್ಪನನ್ನು ದ್ವೇಷಿಸುತ್ತಾನಂತೆ’ ಆಗಿಬಿಟ್ಟರೆ ಮನೆಗೂ ಹಾಗೆಯೇ ತಲುಪುತ್ತದೆ. ತಿರುಗಿ ನೋಡಿದರೆ, ನಮ್ಮ ಮಗು ‘ಸಂಕಟ ಆಗ್ತದೆ’ ಅಂದದ್ದು ಹೊಟ್ಟೆ ತೊಳಸಿದ್ದಕ್ಕಿರಬಹುದು. ಮಲಯಾಳದ ‘ಸಂಕಡಂ’ ಮನಸ್ಸಿನ ದುಃಖ. ದುಭಾಷಿಗೆ ಎರಡು ನಿಯಮ ಸಾಕು: ಮಗು ‘ನಾನು’ ಅಂದರೆ ‘ನಾನು’ ಎಂದೇ ಹೇಳಬೇಕು, ‘ಅವನು ಹೇಳುತ್ತಾನೆ…’ ಬೇಡ, ಅರ್ಥವಾಗದ ಶಬ್ದ ಬಂದರೆ ಊಹಿಸದೆ ಮಗುವನ್ನೇ ಕೇಳಬೇಕು.

ಇನ್ನು ಹೊಟ್ಟೆನೋವಿನ ಹುಡುಗಿ. ‘ಏನೂ ಇಲ್ಲ’ ಎನ್ನುವ ಡಾಕ್ಟರ ಮಾತನ್ನು ಶಾಲೆ ‘ನಾಟಕ’ ಎಂದು ಓದಿಕೊಳ್ಳುವುದೇ ಮೊದಲ ತಪ್ಪು. ಮನಸ್ಸಿನ ಒತ್ತಡದಿಂದ ಬರುವ ಹೊಟ್ಟೆನೋವು ನಿಜವಾಗಿಯೂ ನೋಯುತ್ತದೆ. ಮೂರು ವಾರ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆಯಿರಿ: ದಿನಾಂಕ, ಯಾವ ಪೀರಿಯಡ್, ಅದಕ್ಕೆ ಮೊದಲು ಏನಾಗಿತ್ತು, ಮುಂದಿನ ಪೀರಿಯಡ್ ಯಾವುದು, ಏನು ಮಾಡಿದೆವು. ಮೂರು ವಾರಕ್ಕೆ ಐದಾರು ಸಾಲು ಸಿಗುತ್ತದೆ, ನಮೂನೆ ಇದ್ದರೆ ಅಷ್ಟರಲ್ಲೇ ಕಾಣುತ್ತದೆ. ಒಂದೇ ವಿಷಯದ ಪೀರಿಯಡ್ಡಿಗೆ ಮೊದಲಾ, ಸೋಮವಾರವಾ, ವ್ಯಾನ್ ಹತ್ತುವ ಹೊತ್ತಿಗಾ, ಮನೆಗೆ ಯಾರೋ ಬರುವ ದಿನವಾ? ಪಾಯಿಖಾನೆಯನ್ನೂ ನೋಡಿ. ಚಿಲಕ ಇಲ್ಲದ, ನೀರಿಲ್ಲದ ಪಾಯಿಖಾನೆಗೆ ಹೋಗುವುದು ಬೇಡವೆಂದು ಬೆಳಗಿನಿಂದ ನೀರು ಕುಡಿಯದೆ ಕೂರುವ ಹುಡುಗಿಯರಿದ್ದಾರೆ. ಐದನೇ ತರಗತಿಯಲ್ಲಿ ಮುಟ್ಟು ಶುರುವಾಗಿರುವುದೂ ಉಂಟು. ಟೀಚರೊಬ್ಬರು ಮೆಲ್ಲಗೆ ಕೇಳಲಿ. ನೋವು ಬಂದಾಗಲೆಲ್ಲ ಮನೆಗೆ ಕಳಿಸಿದರೆ ನೋವು ಹೆಚ್ಚುತ್ತದೆ, ಯಾಕೆಂದರೆ ಹೆದರಿದ ಜಾಗದಿಂದ ಬಿಡುಗಡೆ ಸಿಕ್ಕಿದ್ದನ್ನು ದೇಹ ಕಲಿತುಕೊಳ್ಳುತ್ತದೆ. ಗೊತ್ತಾದ ಒಂದು ಜಾಗದಲ್ಲಿ ಹತ್ತು ನಿಮಿಷ ಮಲಗಲಿ, ನೀರು ಕುಡಿಯಲಿ, ಮತ್ತೆ ತರಗತಿಗೆ ಹೋಗಲಿ. ಕರೆದುಕೊಂಡು ಹೋಗುವವರು ದಿನಾ ಒಬ್ಬರೇ ಆಗಿರಲಿ. ಜ್ವರ, ವಾಂತಿ, ರಕ್ತ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಏಳಿಸುವ ನೋವು, ಇವುಗಳಲ್ಲಿ ಯಾವುದಿದ್ದರೂ ಪುನಃ ಡಾಕ್ಟರ ಹತ್ತಿರ.

ಆರನೆಯವರ ಜಗಳಕ್ಕೆ ಮೊದಲು ನೀತಿಪಾಠ ಬೇಡ, ನಕ್ಷೆ ಬೇಕು. ಎರಡು ವಾರ ಎಲ್ಲಿ, ಎಷ್ಟು ಗಂಟೆಗೆ, ಯಾರ ನಡುವೆ ಎಂದು ಗುರುತು ಹಾಕಿ. ಹೆಚ್ಚಿನ ಜಗಳ ದೊಡ್ಡವರ ಕಣ್ಣು ಬೀಳದ ಎರಡು ಮೂರು ಜಾಗಗಳಲ್ಲೇ ಇರುತ್ತದೆ: ನಳ್ಳಿಯ ಬಳಿ, ಊಟದ ತಟ್ಟೆ ತೊಳೆಯುವಲ್ಲಿ, ಕಟ್ಟಡದ ಹಿಂದೆ. ಇಂಟರ್‌ವಲ್ ಡ್ಯೂಟಿಯವರನ್ನು ವರಾಂಡದಿಂದ ಎಬ್ಬಿಸಿ ಅಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ಮೈದಾನ ಮುಚ್ಚಿ ಮಕ್ಕಳೆಲ್ಲ ಒಳಗೇ ಇರುವಾಗ ಜಗಳ ಏರುವುದು ಸಹಜ. ಜೂನ್, ಜುಲೈಯಲ್ಲಿ ಇಂಟರ್‌ವಲ್ಲನ್ನು ತರಗತಿವಾರು ಹತ್ತು ನಿಮಿಷ ಹಿಂದೆ ಮುಂದೆ ಮಾಡಿ.

ಆದರೆ ಜಗಳ ಬೇರೆ, ಕಾಟ ಬೇರೆ. ಬಲ ಸಮ ಇರುವವರು ಒಮ್ಮೆ ಹೊಡೆದಾಡಿದರೆ ಜಗಳ. ಒಂದೇ ಮಗುವಿನ ಮೇಲೆ ಪುನಃ ಪುನಃ, ತಿರುಗಿ ಬೀಳಲಾರದವನ ಮೇಲೆ ನಡೆದರೆ ಕಾಟ. ಜಗಳ ಆಡಿದವರನ್ನು ಕೂರಿಸಿ ರಾಜಿ ಮಾಡಿಸಬಹುದು. ಕಾಟದ ವಿಷಯದಲ್ಲಿ ಇಬ್ಬರನ್ನೂ ಆಫೀಸಿಗೆ ಕರೆಸಿ ಕೈ ಕುಲುಕಿಸುವುದು ಕಾಟ ಕೊಟ್ಟವನಿಗೆ ಸಿಕ್ಕ ಗೆಲುವು. ಹೊರಗೆ ಹೋದ ಕೂಡಲೇ ‘ಹೇಳಿದಿಯಲ್ಲ, ನೋಡು’ ಶುರುವಾಗುತ್ತದೆ. ಬೇರೆ ಬೇರೆ ಮಾತಾಡಿಸಿ, ನೊಂದವನನ್ನು ಮೊದಲು. ಎರಡು ದಿನದ ನಂತರ, ಒಂದು ವಾರದ ನಂತರ, ಮೂರು ವಾರದ ನಂತರ ಅವನನ್ನು ನೀವೇ ಹುಡುಕಿಕೊಂಡು ಹೋಗಿ ‘ಈಗ ಹೇಗಿದೆ’ ಎಂದು ಕೇಳಿ. ಮೂರನೆಯ ಸಲ ಯಾರೂ ಕೇಳುವುದಿಲ್ಲ, ಕಾಟ ಮರಳುವುದೂ ಆಗಲೇ. ಇನ್ನು ಬೆತ್ತ: ಶಿಕ್ಷಣ ಹಕ್ಕು ಕಾಯಿದೆಯ (2009) 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ಒಟ್ಟಿಗೆ ನಿಷೇಧಿಸಿದೆ. ಎಲ್ಲರ ಮುಂದೆ ಜಾತಿ, ಭಾಷೆ, ಅಪ್ಪನ ಕೆಲಸ ಎತ್ತಿ ಆಡುವುದೂ ಎರಡನೆಯದರಲ್ಲೇ ಬರುತ್ತದೆ.

ವಾರಕ್ಕೊಮ್ಮೆ ಮೂವತ್ತು ನಿಮಿಷದ ಒಂದು ಮೀಟಿಂಗ್ ಇಡಿ. ಇಡೀ ವ್ಯವಸ್ಥೆಯ ಬೆನ್ನೆಲುಬು ಇದು. ಐದು ಮಕ್ಕಳು, ಒಬ್ಬರಿಗೆ ಆರು ನಿಮಿಷ. ಕೇಳುವುದು ನಾಲ್ಕೇ: ಏನು ಕಂಡಿತು, ಈವರೆಗೆ ಏನು ಮಾಡಿದ್ದೇವೆ, ಮುಂದಿನ ವಾರ ಯಾರು ಏನು ಮಾಡುತ್ತಾರೆ, ಯಾವಾಗ ತಿರುಗಿ ನೋಡುವುದು. ‘ಕಂಡದ್ದು’ ಅಂದರೆ ಕಂಡದ್ದೇ. ‘ಹಠಮಾರಿ’, ‘ಮನೆ ಸರಿ ಇಲ್ಲ’ ಎಂದು ಬರೆಯುವಂತಿಲ್ಲ. ‘ಮಂಗಳವಾರ ಮೂರನೇ ಪೀರಿಯಡ್ಡಿನಲ್ಲಿ ಮೇಜಿನ ಮೇಲೆ ತಲೆ ಇಟ್ಟಿದ್ದ, ಎರಡು ಸಲ ಕರೆದರೂ ಏಳಲಿಲ್ಲ’ ಎಂದು ಬರೆಯಬೇಕು. ಇದನ್ನು ಎಸ್.ಆರ್.ಜಿ. (ಸ್ಕೂಲ್ ರಿಸೋರ್ಸ್ ಗ್ರೂಪ್, ಅಧ್ಯಾಪಕರ ಗುಂಪು) ಮೀಟಿಂಗಿನೊಳಗೆ ಸೇರಿಸುವ ಆಸೆ ಬಂದೀತು, ಬೇಡ. ಅದರ ಮಿನಿಟ್ಸ್ ಪುಸ್ತಕವನ್ನು ತಪಾಸಣೆಗೆ ಬಂದವರೆಲ್ಲ ತಿರುವಿ ಹಾಕುತ್ತಾರೆ, ಮಗುವಿನ ಮನೆಯ ವಿಷಯ ಅದರಲ್ಲಿ ಇರಬಾರದು. ಈ ಮೀಟಿಂಗಿಗೆ ಮಕ್ಕಳನ್ನು ಆರಿಸಲಿಕ್ಕೆ ಬೇರೆ ಸರ್ವೆ ಬೇಡ, ಹಾಜರಿ ಪುಸ್ತಕವೇ ಸಾಕು. ತಿಂಗಳಲ್ಲಿ ನಾಲ್ಕಕ್ಕಿಂತ ಹೆಚ್ಚು ದಿನ ತಪ್ಪಿದವರು, ಸೋಮವಾರ ಮಾತ್ರ ತಪ್ಪುವವರು, ಯಾವಾಗಲೂ ಸರಿಯಾಗಿ ಬರುತ್ತಿದ್ದು ಈಗ ತಪ್ಪತೊಡಗಿದವರು. ಮೂರನೆಯ ಗುಂಪನ್ನು ಮೊದಲು ತೆಗೆದುಕೊಳ್ಳಿ. ತಂದೆ ಗಲ್ಫಿನಿಂದ ಬರುವ ವಾರ, ಹೋಗುವ ವಾರ ಎರಡರಲ್ಲೂ ಮಗು ಏರುಪೇರಾಗುತ್ತದೆ. ತಾರೀಕು ಗೊತ್ತಿದ್ದರೆ ಬರೆದಿಡಿ.

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಮಕ್ಕಳಿದ್ದರೆ ಇನ್ನೊಂದು ಮಾತು. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು 2000ದಲ್ಲಿ ನಿಂತಿತು. ಹಾಸಿಗೆ ಹಿಡಿದವರು ಇರುವ ಮನೆಗಳು ಇನ್ನೂ ಇವೆ. ಅಂಥ ಮನೆಯ ಆರೋಗ್ಯವಂತ ಮಗು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಬೆಳಿಗ್ಗೆ ಅಮ್ಮನ ಜೊತೆ ಚಿಕ್ಕಪ್ಪನನ್ನೋ ಅಕ್ಕನನ್ನೋ ಎತ್ತಿ ಕೂರಿಸಿ, ಉಣ್ಣಿಸಿ, ಮತ್ತೆ ಶಾಲೆಗೆ ಓಡಿ ಬರುವ ಮಗುವನ್ನು ತಡವಾಯಿತೆಂದು ಹೊರಗೆ ನಿಲ್ಲಿಸಬೇಡಿ. ಹೋಂವರ್ಕ್ ಕಡಿಮೆ ಮಾಡಿ ಅಥವಾ ಶಾಲೆಯಲ್ಲೇ ಮುಗಿಸಲು ಹೊತ್ತು ಕೊಡಿ. ಜಾಗೃತಿ ಕಾರ್ಯಕ್ರಮಕ್ಕೆಂದು ಆ ಮಗುವನ್ನು ವೇದಿಕೆಗೆ ಹತ್ತಿಸುವುದು ದಯವಿಟ್ಟು ಬೇಡ.

ಯಾವುದನ್ನು ಶಾಲೆಯೊಳಗೆ ನೋಡುವುದು, ಯಾವುದನ್ನು ಹೊರಗೆ ಕಳಿಸುವುದು? ಊಟ, ನಿದ್ದೆ, ಆಟ, ಗೆಳೆತನ ಇವುಗಳಲ್ಲಿ ಎರಡಾದರೂ ಕೆಟ್ಟು ಎರಡು ವಾರ ದಾಟಿದರೆ ಹೆತ್ತವರನ್ನು ಕರೆದು ಮಾತಾಡಿ, ಕೌನ್ಸೆಲರ್ ಅಥವಾ ವೈದ್ಯರ ಹತ್ತಿರ ಕಳಿಸಿ. ‘ಸರಿ ಇರದಿದ್ದರೆ ಕೌನ್ಸೆಲಿಂಗಿಗೆ ಕಳಿಸ್ತೇನೆ’ ಎಂದು ಯಾವ ಅಧ್ಯಾಪಕರೂ ಹೆದರಿಸಬಾರದು; ಒಮ್ಮೆ ಆ ಮಾತು ಬಿದ್ದರೆ ಆ ಬಾಗಿಲು ವರ್ಷವಿಡೀ ಮುಚ್ಚಿತು. ಮೈಕಿನಲ್ಲಿ ಹೆಸರು ಕೂಗಿ ಕರೆಯುವುದೂ ಬೇಡ.

ಸಾಯುವ ಮಾತು, ಕೈ ಕುಯ್ದುಕೊಂಡ ಗುರುತು ಕಂಡರೆ ಎರಡು ವಾರ ಕಾಯುವುದಲ್ಲ, ಅದೇ ದಿನ. ‘ಸಾಯಬೇಕು ಅನಿಸಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಮಗುವನ್ನು ಒಂಟಿ ಬಿಡಬೇಡಿ. ಹೆತ್ತವರು ಬಂದು ಕೈಹಿಡಿದು ಕರೆದೊಯ್ಯುವ ತನಕ ದೊಡ್ಡವರೊಬ್ಬರು ಪಕ್ಕದಲ್ಲಿರಲಿ, ಶಾಲಾ ವಾಹನದಲ್ಲಿ ಕಳಿಸುವುದು ಬೇಡ. ಮನೆಯಲ್ಲಿ ತೋಟಕ್ಕೆ ಹೊಡೆಯುವ ಮದ್ದು ಇದ್ದರೆ ಬೀಗ ಹಾಕಿಡಲು ಸ್ಪಷ್ಟವಾಗಿ ಹೇಳಿ. ಅಡಿಕೆ ತೋಟದ ಊರುಗಳಲ್ಲಿ ಈ ಒಂದು ಮಾತು ಜೀವ ಉಳಿಸಬಲ್ಲದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕರೆ ಮಾಡಿದಾಗ ಭಾಷೆ ಆರಿಸಿಕೊಳ್ಳಬಹುದು. ಅಧ್ಯಾಪಕರೂ ಅಲ್ಲಿ ಸಲಹೆ ಕೇಳಬಹುದು.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ನಿಮ್ಮ ಪಾತ್ರ ತನಿಖೆಯಲ್ಲ. ‘ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪಲ್ಲ’ ಅನ್ನಿ. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬೇಡಿ, ‘ನಿನ್ನನ್ನು ಕಾಪಾಡಬೇಕಾದವರಿಗೆ ಮಾತ್ರ ಹೇಳುತ್ತೇನೆ’ ಅನ್ನಿ. ಮಗುವಿನ ಮಾತನ್ನು ಅದರದೇ ಶಬ್ದಗಳಲ್ಲಿ, ತುಳುವಾದರೆ ತುಳುವಿನಲ್ಲೇ, ಬರೆದಿಡಿ. ಪೋಕ್ಸೋ ಕಾಯಿದೆಯ (2012) 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸದವರಿಗೆ ಆರು ತಿಂಗಳವರೆಗೆ, ತನ್ನ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲುಶಿಕ್ಷೆ ಆಗಬಹುದು. ಮ್ಯಾನೇಜ್‌ಮೆಂಟಿನ ಒಪ್ಪಿಗೆಗೆ ಕಾಯುವ ಅಗತ್ಯ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೂ ತಿಳಿಸಿ. ಗಡಿನಾಡಿನ ಮುಖ್ಯ ಶಿಕ್ಷಕರೆಲ್ಲ ನೆನಪಿಡಬೇಕಾದ ಅಂಶ ಅದೇ ಸೆಕ್ಷನ್ನಿನಲ್ಲಿದೆ: ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿಕೆ ದಾಖಲಾಗುವುದಾದರೆ ಅನುವಾದಕರನ್ನು ಒದಗಿಸಬೇಕು. ಹೇಳಿಕೆ ಪಡೆಯುವ ಅಧಿಕಾರಿ ಯೂನಿಫಾರ್ಮಿನಲ್ಲಿ ಇರಬಾರದು ಎಂದು 24ನೇ ಸೆಕ್ಷನ್ ಹೇಳುತ್ತದೆ. ಇವೆರಡನ್ನೂ ಕೇಳಿ ಪಡೆಯಿರಿ.

ಅಧ್ಯಾಪಕರ ಹೊತ್ತಿನ ಪ್ರಶ್ನೆಗೆ ಬಾಕಿ ಉತ್ತರ ನಿಮ್ಮಿಂದಲೇ ಬರಬೇಕು. ಒಬ್ಬ ಟೀಚರ್ ಅಳುವ ಮಗುವಿನ ಜೊತೆ ಹದಿನೈದು ನಿಮಿಷ ಕೂರಬೇಕಾದರೆ ಅವರ ತರಗತಿಗೆ ನೀವು ಹೋಗಿ ನಿಲ್ಲಿ. ಎರಡು ಸಲ ಹಾಗೆ ಮಾಡಿದರೆ ಸ್ಟಾಫ್ ರೂಮಿನ ಧಾಟಿ ಬದಲಾಗುತ್ತದೆ. ಹತ್ತು ಸುತ್ತೋಲೆಗಳಿಂದ ಆಗದ್ದು ಅದು. ಕ್ಲಾಸ್ ಪಿ.ಟಿ.ಎ.ಯ ವಾಟ್ಸಾಪ್ ಗುಂಪಿನಲ್ಲಿ ಯಾವ ಮಗುವಿನ ಹೆಸರನ್ನೂ ಎತ್ತಬಾರದು ಎಂಬ ನಿಯಮವನ್ನೂ ನೀವೇ ಮಾಡಬೇಕು, ಮೆಚ್ಚುಗೆಗೆ ಕೂಡ. ಒಬ್ಬನನ್ನು ಹೊಗಳಿದ ದಿನ ಉಳಿದ ಇಪ್ಪತ್ತೊಂಬತ್ತು ಮನೆಗಳಲ್ಲಿ ಏನಾಗುತ್ತದೆ ಎಂದು ಊಹಿಸಿಕೊಳ್ಳಿ.

ಕೊನೆಗೆ, ಮಕ್ಕಳ ಬಗ್ಗೆ ಇದನ್ನೆಲ್ಲ ಬರೆದಿಟ್ಟ ನೋಟ್‌ಬುಕ್ಕಿನ ಗತಿ. ನಿಮ್ಮದು ಯು.ಪಿ. ಶಾಲೆ, ಏಳರ ನಂತರ ಮಕ್ಕಳು ಬೇರೆ ಹೈಸ್ಕೂಲಿಗೆ ಹೋಗುತ್ತಾರೆ. ಎಂಟನೆಯ ಮೊದಲ ತಿಂಗಳಲ್ಲಿ, ಹೊಸ ಕಟ್ಟಡ, ಹೊಸ ಗೆಳೆಯರ ನಡುವೆ, ಎರಡು ವರ್ಷದ ಕೆಲಸ ಕರಗಿಹೋಗಬಹುದು. ಮೇ ಕೊನೆಯಲ್ಲಿ ಹೆತ್ತವರ ಒಪ್ಪಿಗೆ ಪಡೆದು, ಹೈಸ್ಕೂಲಿನ ಒಬ್ಬ ಅಧ್ಯಾಪಕರ ಹತ್ತಿರ ಎದುರೆದುರು ಮಾತಾಡಿ. ಕೊಡಬೇಕಾದ್ದು ಮೂರು ಮಾಹಿತಿ: ಮನೆಮಾತು, ಮಗುವಿಗೆ ಸಮಾಧಾನ ಕೊಡುವುದು ಏನು, ಕಷ್ಟವಾಗುವುದು ಯಾವಾಗ. ಹಳೆಯ ತಂಟೆಗಳ ಪಟ್ಟಿ ಬೇಡ. ನೋಟ್‌ಬುಕ್ಕನ್ನು ಕೊಡಲೇಬೇಡಿ. ಪೊಲೀಸರಿಗೆ ಅಥವಾ ಮಕ್ಕಳ ಕಲ್ಯಾಣ ಸಮಿತಿಗೆ ಸಂಬಂಧಿಸಿದ ಹಾಳೆಗಳನ್ನು ಬೇರೆ ಮಾಡಿ ನಿಮ್ಮ ಕಪಾಟಿನಲ್ಲಿ ಬೀಗ ಹಾಕಿಡಿ. ಉಳಿದದ್ದನ್ನು ಮಗು ಶಾಲೆ ಬಿಟ್ಟ ವರ್ಷವೇ, ರದ್ದಿಗೆ ಹಾಕದೆ, ಹರಿದು ಸುಟ್ಟುಬಿಡಿ.